ಏಳು ಯುಗಾದಿಯ ನದಿ

ನದಿಯ ದಂಡೆಯ ಆಶ್ರಮದಲ್ಲಿ ತಿಪ್ಪಯ್ಯ ಎಂಬ ಚಿತ್ರಗುರುಗಳಿದ್ದರು. ಪ್ರತಿ ಯುಗಾದಿಯ ಬೆಳಿಗ್ಗೆ ಅದೇ ಬಂಡೆಯ ಮೇಲೆ ಕೂತು, ಅದೇ ಬಣ್ಣಗಳಲ್ಲಿ, ಅದೇ ನದಿಯನ್ನು ಒಂದು ಹೊಸ ಮರದ ಹಲಗೆಯ ಮೇಲೆ ಬರೆಯುತ್ತಿದ್ದರು. ಯಾಕೆಂದು ಅವರು ಹೇಳಲಿಲ್ಲ. ಶಿಷ್ಯ ಚೆಲುವಯ್ಯ ಕೇಳಲೂ ಇಲ್ಲ.

ಚೆಲುವಯ್ಯನಿಗೆ ಗುರುಗಳೆಂದರೆ ಪ್ರಾಣ. ಮೂರನೆಯ ಯುಗಾದಿಗೆ ಚಿತ್ರದ ನೀಲಿಯಲ್ಲಿ ಕಂದು ಬೆರೆತದ್ದು ಅವನ ಕಣ್ಣಿಗೆ ಬಿತ್ತು. ನಾಲ್ಕು ಜನ ನೋಡಿ ನಕ್ಕರೆ?

ಗುರುಗಳು ಪೂಜೆಗೆ ಎದ್ದು ಹೋದದ್ದೇ ತಡ, ಮೊದಲ ವರ್ಷದ ಹಲಗೆಯನ್ನು ಪಕ್ಕಕ್ಕಿಟ್ಟುಕೊಂಡು, ಅದರ ನೀಲಿಗೆ ಸರಿಯಾಗಿ ತಿದ್ದಿಬಿಟ್ಟ. ಆಮೇಲೆ ಪ್ರತಿ ವರ್ಷವೂ ತಿದ್ದಿದ. ಕೈ ಚೆನ್ನಾಗಿ ಪಳಗಿತ್ತು. ಒಳಗೊಳಗೇ ಬೀಗಿದ್ದೂ ಉಂಟು, ಪಾಪ.

ಏಳನೆಯ ಯುಗಾದಿ ಕಳೆದು ಕೆಲವೇ ದಿನಕ್ಕೆ ಗುರುಗಳ ದೃಷ್ಟಿ ಪೂರ್ತಿ ಹೋಯಿತು. ಅವರು ಕಣ್ಣಿನ ಪಂಡಿತರನ್ನು ಕರೆಸಿದರು.

"ಇನ್ನು ಔಷಧಿ ನಾಟುವುದಿಲ್ಲ, ಗುರುಗಳೇ."

"ಔಷಧಿಗೆ ಕರೆಸಲಿಲ್ಲ. ನನಗೂ ಈ ಬೇನೆ ಬರಬಹುದು, ಯಾವಾಗ ಶುರುವಾಗುತ್ತೆ ಅಂತಲೇ ತಿಳಿಯೋದಿಲ್ಲ ಅಂತ ಏಳು ವರ್ಷದ ಹಿಂದೆ ಅಂದಿದ್ದಿರಲ್ಲ. ಇಗೋ, ಏಳು ಹಲಗೆ. ಅದೇ ನದಿ, ಅದೇ ಹೊತ್ತು. ಬದಲಾದದ್ದು ನನ್ನ ಕಣ್ಣು ಮಾತ್ರ. ಯಾವ ವರ್ಷ ಯಾವ ಬಣ್ಣ ಕೆಟ್ಟಿತು ನೋಡಿ ಬರೆದುಕೊಳ್ಳಿ. ಮುಂದಿನವರ ಕಣ್ಣಾದರೂ ಉಳೀಲಿ."

ಪಂಡಿತರು ಹಲಗೆಗಳನ್ನು ಬಿಸಿಲಿಗೆ ಸಾಲಾಗಿ ಒರಗಿಸಿ ಬಹಳ ಹೊತ್ತು ನೋಡಿದರು.

"ಏನೂ ಕೆಟ್ಟಿಲ್ಲವಲ್ಲ. ಏಳೂ ಒಂದೇ ಥರ ಇವೆ."

ಚೆಲುವಯ್ಯ ಗುರುಗಳ ಕಾಲಿಗೆ ಬಿದ್ದ. "ನಾನೇ ತಿದ್ದಿದೆ, ಗುರುಗಳೇ. ತಮ್ಮ ಹೆಸರಿಗೆ ಮಸಿ ಹತ್ತಬಾರದು ಅಂತ..."

ಗುರುಗಳ ಕೈ ತಡಕಾಡಿ ಅವನ ತಲೆ ಮುಟ್ಟಿತು.

"ಮೇಲಿನ ಬಣ್ಣ ಕೆರೆದರೆ ನನ್ನದು ಸಿಗುತ್ತಾ?"

"ಇಲ್ಲ. ಹಸಿ ಇರುವಾಗಲೇ ಒರೆಸಿ ಬರೆದೆ."

ಪಂಡಿತರು ಬರೆದುಕೊಳ್ಳಲು ಬಿಚ್ಚಿದ್ದ ಓಲೆಗರಿಯ ಕಟ್ಟನ್ನು ಹಾಗೇ ಕಟ್ಟಿಟ್ಟರು. ಚೆಲುವಯ್ಯ ಬಿಕ್ಕುತ್ತಲೇ ಇದ್ದ. ಮಾಡಿದ್ದೆಲ್ಲ ಪ್ರೀತಿಯಿಂದಲೇ, ಅದೇ ಅವನನ್ನು ಹೆಚ್ಚು ಸುಟ್ಟಿತು.

"ನಾನು ಸರಿಯಾದ ಬಣ್ಣವನ್ನೇ ಹಾಕಿದೆ, ಗುರುಗಳೇ," ಎಂದ ಕೊನೆಗೆ.

"ನದಿ ಯಾವ ಬಣ್ಣ ಅಂತ ಊರಿಗೆಲ್ಲ ಗೊತ್ತಿತ್ತಪ್ಪಾ. ನನಗೆ ಹೇಗೆ ಕಂಡಿತು ಅನ್ನೋದು ಆ ಹಲಗೆಗಳಿಗೆ ಮಾತ್ರ ಗೊತ್ತಿತ್ತು."