ರಾಣಿಬಣ್ಣದ ಪಕ್ಕ ಗಿಳಿಹಸಿರು

ನಮ್ಮ ಬಸಲಿಂಗವ್ವ ಹೊಲಿದ ಕೌದಿ ನೋಡಿ ಕಾಮನಬಿಲ್ಲು ನಾಚಿ ಅರ್ಧ ದಾರಿಯಿಂದಲೇ ವಾಪಸ್ಸು ಹೋದದ್ದನ್ನು ನಾನೇ ಕಣ್ಣಾರೆ ಕಂಡವನು. ಹಾಗಾಗಿ ಅವಳ ಹಳೇಬಟ್ಟೆಯ ಗಂಟಿನಲ್ಲಿ ನಡೆದ ಈ ಮಾತನ್ನೂ ನಂಬಿ.

ಹೊಸ ಕೌದಿಯ ನಟ್ಟನಡುವೆ ಅವಳು ರಾಣಿಬಣ್ಣದ ಸೀರೆತುಂಡನ್ನೂ ಗಿಳಿಹಸಿರು ಕುಪ್ಪಸದ ತುಂಡನ್ನೂ ಜೋಡಿಸಿಟ್ಟಳು. ಕೆನೆಬಣ್ಣದ ಪರದೆತುಂಡಿಗೆ ಗಾಬರಿಯಾಯಿತು.

"ಅಕ್ಕಾ, ನೀವಿಬ್ಬರೂ ಪಕ್ಕ ಕೂತರೆ ಜಗಳವೇ! ಹೊಸ ಸೊಸೆ ಇದನ್ನು ಸೋಫಾದ ಮೇಲೆ ಹಾಸುವವಳು. ಅವಳ ಕಣ್ಣಿಗೆ ಚುಚ್ಚಿದರೆ ನಾವೆಲ್ಲ ನೆಲ ಒರೆಸಬೇಕಾದೀತು. ನನ್ನನ್ನು ನಡುವೆ ಕೂರಿಸಿಕೊಳ್ಳಿ, ಇಲ್ಲವೇ ಸ್ವಲ್ಪ ಬಣ್ಣ ಇಳಿಸಿಕೊಳ್ಳಿ."

"ಇಳಿಸಿಕೊಳ್ಳೋದಾ?" ರಾಣಿಬಣ್ಣ ಸಿಡಿಯಿತು. "ನಲವತ್ತು ವರ್ಷ ಒಗೆಯೋ ಕಲ್ಲಿಗೇ ಬಗ್ಗದವಳು ನಾನು. ನಿನಗೆ ಬಗ್ಗುತ್ತೇನೆಯೇ, ತಮ್ಮಾ?"

"ನೆಲ ಒರೆಸಿದರೂ ಹಸಿರಾಗಿಯೇ ಒರೆಸುತ್ತೇನೆ," ಎಂದಿತು ಗಿಳಿಹಸಿರು. "ಸೂಜಿಯಕ್ಕಾ, ನಮ್ಮನ್ನು ಒತ್ತೊತ್ತಾಗಿ ಹೊಲಿ!"

ಸೂಜಿ ಹೊಲಿಯಿತು. ಕೌದಿಯ ಒಳಪದರಕ್ಕೆ ಯಾರ ಜೊತೆಗೂ ಜಗಳವಾಡದ ಬಟ್ಟೆ ಬೇಕಿತ್ತು. ಪರದೆತುಂಡು ಅಲ್ಲಿಗೆ ಹೋಯಿತು.

ಸೊಸೆ ಕೌದಿ ಹಾಸಿದ ದಿನ ಮನೆಯಲ್ಲಿ ಗದ್ದಲವೋ ಗದ್ದಲ. ಒಳಗಿನ ಕತ್ತಲಿಂದ ಪರದೆತುಂಡು ಕೂಗಿತು: "ಅಕ್ಕಾ, ಜಗಳ ಮುಗಿಯಿತೇ?"

"ಮುಗಿಯೋದೆಲ್ಲಿ ಬಂತು!" ಎಂದಿತು ರಾಣಿಬಣ್ಣ. "ನಮ್ಮ ಜಗಳ ನೋಡೋಕೆ ಇಡೀ ಓಣಿಯೇ ಬಂದು ನಿಂತಿದೆ."