ಕಾಡುಕೋಳಿ ಕೊಂಡ ಪುಟ್ಟ ಕ್ಯಾರಿಯರ್

ಒಂದು ಕಾಡಿನಲ್ಲಿ ಹಾವೊಂದನ್ನು ಬಿಟ್ಟು ಉಳಿದೆಲ್ಲ ಪ್ರಾಣಿಗಳೂ ಸೈಕಲ್ ತುಳಿಯುತ್ತಿದ್ದವು. ಹಾವು ಏಕೆ ತುಳಿಯುತ್ತಿರಲಿಲ್ಲ ಎಂದು ವಿವರಿಸುವ ಅಗತ್ಯವಿಲ್ಲ.

ಆ ಕಾಡಿನವರಿಗೆ ಒಂದು ಕೆಟ್ಟ ಚಾಳಿ ಇತ್ತು. ಸೈಕಲ್ಲಿನ ಮುಂಭಾಗದಲ್ಲಿ ಸಾಮಾನು ಇಡಲು ಅವರು ಒಂದು ಕ್ಯಾರಿಯರ್ ಹಾಕಿಸಿಕೊಳ್ಳುತ್ತಿದ್ದರು. ಕ್ಯಾರಿಯರ್ ಎಷ್ಟು ಅಗಲವೋ ಮನೆತನ ಅಷ್ಟು ದೊಡ್ಡದು ಎಂದು ಎಲ್ಲರೂ ನಂಬಿದ್ದರು. ಕರಡಿಯ ಕ್ಯಾರಿಯರ್ ಮೇಲೆ ಒಂದು ಕುರ್ಚಿ ಇತ್ತು. ಅದರಲ್ಲಿ ಯಾರೂ ಕೂರುತ್ತಿರಲಿಲ್ಲ. ಮನೆಯಲ್ಲಿ ಕುರ್ಚಿ ಇದೆ ಎಂದು ತೋರಿಸುವುದಷ್ಟೇ ಅದರ ಕೆಲಸ. ಅಂಗೈಯಷ್ಟೇ ಇರುವ ಕಾಡುಪಾಪದ ಕ್ಯಾರಿಯರ್ ಮಂಚದಷ್ಟು ಅಗಲವಾಗಿತ್ತು. ಅದು ಎರಡು ಮರಗಳ ನಡುವೆ ಸಿಕ್ಕಿಕೊಂಡು ಮಳೆಗಾಲವೆಲ್ಲ ಅಲ್ಲೇ ನಿಂತಿತ್ತು. ಆದರೂ ಕಾಡುಪಾಪ ಸೀಟಿನಿಂದ ಇಳಿಯಲಿಲ್ಲ. ಹೋಗಿಬರುವವರಿಗೆಲ್ಲ ಅಲ್ಲಿಂದಲೇ ಗಂಭೀರವಾಗಿ ನಮಸ್ಕಾರ ಹೇಳುತ್ತಿತ್ತು.

ಅದೇ ಕಾಡಿನಲ್ಲಿ ಬೊಮ್ಮಕ್ಕ ಎಂಬ ಕಾಡುಕೋಳಿ ವಾಸವಾಗಿತ್ತು. ಅದರ ಗಂಡ ಕೆಂಚಪ್ಪ ಎಂಬ ಹುಂಜ. ಪೊದೆಯ ಕೆಳಗೆ, ಒಂದು ಬುಟ್ಟಿಯಲ್ಲಿ, ಅವರ ಆರು ಮೊಟ್ಟೆಗಳಿದ್ದವು. ಇಂದೋ ನಾಳೆಯೋ ಮರಿಯಾಗುವ ಮೊಟ್ಟೆಗಳು.

ಒಂದು ಬೆಳಿಗ್ಗೆ ಹಿರಿಯ ಆನೆಯೊಂದು ಬಂದು ಪೊದೆಯ ಮುಂದೆ ನಿಂತಿತು.

"ಬೊಮ್ಮಕ್ಕಾ, ಸಂಜೆ ನಮ್ಮ ಮನೆಯವರೆಲ್ಲ ಇಲ್ಲಿ ಕೆಸರಾಟಕ್ಕೆ ಬರ್ತೀವಿ. ಹುಡುಗರು ಕೆಳಗೆ ನೋಡಿ ನಡೆಯೋದಿಲ್ಲ. ಎಷ್ಟು ಹೇಳಿದ್ರೂ ಕೇಳೋದಿಲ್ಲ. ಮುಂಚೆನೇ ತಿಳಿಸೋಣ ಅಂತ ಬಂದೆ."

"ಬೇರೆ ಕಡೆ ಆಡಬಾರದೇ?" ಎಂದು ಕೋಳಿ ಕೇಳಿತು.

"ಇಲ್ಲಿನ ಕೆಸರೇ ನಮ್ಮ ಮೈಗೆ ಒಗ್ಗೋದು, ತಾಯಿ," ಎಂದು ಹೇಳಿ ಆನೆ ಬಹಳ ಮರ್ಯಾದೆಯಿಂದ ಹೊರಟುಹೋಯಿತು.

ಸಂಜೆಯೊಳಗೆ ಮೊಟ್ಟೆಗಳನ್ನು ದಿಬ್ಬದ ಮೇಲಿನ ಬಂಡೆಗೆ ಸಾಗಿಸಬೇಕಾಗಿತ್ತು. ದಾರಿಯಲ್ಲಿ ಅವು ಒಡೆಯಬಾರದು, ತಣ್ಣಗಾಗಲೂ ಬಾರದು. ಕೋಳಿ ತನ್ನ ಸೈಕಲ್ಲಿಗೆ ಮುಂದಿನ ಕ್ಯಾರಿಯರ್ ಹಾಕಿಸಲು ಹೊರಟಿತು.

"ಸೈಕಲ್ಲಿನ ಹಿಂದೆ ಒಂದು ಕ್ಯಾರಿಯರ್ ಇದೆಯಲ್ಲೇ ಬೊಮ್ಮಿ," ಎಂದಿತು ಹುಂಜ.

"ಹಿಂದೆ ಇಟ್ಟ ಮೊಟ್ಟೆ ಕಣ್ಣಿಗೆ ಕಾಣೋದಿಲ್ಲ. ಈ ಕಾಡಿನಲ್ಲಿ ಕಾಣದ ಮೊಟ್ಟೆಯನ್ನು ನಾನು ನಂಬೋದಿಲ್ಲ. ನಾನು ಬರುವ ತನಕ ನೀವು ಇವುಗಳ ಮೇಲೆ ಕೂತಿರಿ."

"ನಾನಾ? ಹುಂಜ ಮೊಟ್ಟೆ ಮೇಲೆ ಕೂರೋದಾ?"

"ನಿಂತುಕೊಂಡರೆ ಬಿಸಿಯಾಗೋದಿಲ್ಲ ರೀ."

ಹುಂಜ ಕೂತಿತು. ಯಾರಾದರೂ ನೋಡಿಯಾರು ಎಂಬ ನಾಚಿಕೆಯಿಂದ ತಲೆಯ ಮೇಲೆ ಒಂದು ತೇಗದ ಎಲೆ ಹೊದ್ದುಕೊಂಡಿತು.

ಕಾಡಿನಲ್ಲಿ ಸೈಕಲ್ ಷಾಪು ಇಟ್ಟಿದ್ದದ್ದು ಮುಂಗುಸಿ. ಮುಂಗುಸಿಗೆ ಮೊಟ್ಟೆ ಎಂದರೆ ಪ್ರಾಣ. ಕೋಳಿ ಸೈಕಲ್ ತಳ್ಳಿಕೊಂಡು ಬರುವುದನ್ನು ಕಂಡು ಅದು ಎದ್ದು ಓಡಿಬಂತು.

"ಬನ್ನಿ ಅಕ್ಕಾವ್ರೆ, ಬನ್ನಿ! ಮನೇಲಿ ಎಲ್ಲ ಸೌಖ್ಯವಾ? ಮೊಟ್ಟೆಗಳು ಸೌಖ್ಯವಾ?"

"ಮೊಟ್ಟೆಗಳ ವಿಚಾರ ನಿಮಗೆ ಬೇಡ. ಮುಂದಿನ ಕ್ಯಾರಿಯರ್ ತೋರಿಸಿ."

ಮೊಟ್ಟೆ ಸಾಗಿಸುವ ಏರ್ಪಾಡು ಎಂದು ಮುಂಗುಸಿಗೆ ಕೂಡಲೇ ಹೊಳೆಯಿತು. ಅದು ಒಳಗೆ ಹೋಗಿ ಬಾಗಿಲಿನಷ್ಟು ದೊಡ್ಡ ಕ್ಯಾರಿಯರ್ ಒಂದನ್ನು ಎಳೆದು ತಂದಿತು.

"ಇದು ರಾಜ ಮಾದರಿ. ಮೊಟ್ಟೆ ಇಟ್ಟು, ಪಕ್ಕದಲ್ಲಿ ಯಜಮಾನರನ್ನು ಕೂರಿಸಿ, ಮೇಲೊಂದು ಹಲಸಿನ ಹಣ್ಣನ್ನೂ ಇಡಬಹುದು."

"ನಮ್ಮಲ್ಲಿ ಹಲಸಿನ ಹಣ್ಣು ಇಲ್ಲ."

"ಮುಂದೆ ಆಗಬಹುದಲ್ಲ?"

ಕೋಳಿ ಕ್ಯಾರಿಯರಿನ ಸುತ್ತ ಒಂದು ಸಲ ನಡೆದು ನೋಡಿತು. "ಇದರ ಕಾಲು ಎಲ್ಲಿ?"

"ಕಾಲು ಯಾಕೆ ಅಕ್ಕಾವ್ರೆ? ಹ್ಯಾಂಡಲ್‌ಗೆ ನೇತುಹಾಕೋದು. ಹ್ಯಾಂಡಲ್ ತಿರುಗಿದ ಕಡೆ ತಾನೂ ತಿರುಗುತ್ತೆ. ಅಷ್ಟು ಒಗ್ಗಟ್ಟು!"

"ಭಾರ ಹೇರಿದ ಮೇಲೆ ಹ್ಯಾಂಡಲ್ಲೇ ತಿರುಗದಿದ್ದರೆ?"

ಮುಂಗುಸಿ ಮೂಗು ಉಜ್ಜಿಕೊಂಡಿತು. ಅದು ಯೋಚಿಸಿದ್ದೂ ಅದನ್ನೇ. ಇಳಿಜಾರಿನ ತಿರುವಿನಲ್ಲಿ ಸೈಕಲ್ ತಿರುಗದೆ ಮೊಟ್ಟೆಗಳು ಉರುಳಬೇಕು, ತಾನು ಕೆಳಗೆ ಬಾಯಿ ತೆರೆದು ಕಾದಿರಬೇಕು.

ಕೋಳಿಯ ಕಣ್ಣು ಮೂಲೆಯಲ್ಲಿದ್ದ ಪುಟ್ಟ ಕ್ಯಾರಿಯರ್ ಮೇಲೆ ಬಿತ್ತು. ಅದು ರೊಟ್ಟಿ ಹಂಚಿನಷ್ಟೇ ಇತ್ತು. ಸುತ್ತ ಗಿಡ್ಡನೆಯ ಅಂಚು. ಅದರ ಎರಡು ಕಾಲುಗಳು ಕೆಳಗಿಳಿದು ಮುಂದಿನ ಚಕ್ರದ ನಡುವಿನ ಅಚ್ಚಿನ ಎರಡೂ ಪಕ್ಕ ನಿಲ್ಲುವಂತಿದ್ದವು. ಹೊರೆ ಚಕ್ರದ ಮೇಲೆಯೇ, ತಗ್ಗಿನಲ್ಲಿ ಕೂರುತ್ತಿತ್ತು. ಕೋಳಿ ರೆಕ್ಕೆ ಚಾಚಿ ಅಳೆಯಿತು. ತನ್ನ ಬುಟ್ಟಿಗೆ ಸರಿಯಾಗಿತ್ತು.

"ಅಯ್ಯೋ, ಅದು ಬಡಬಗ್ಗರಿಗೆ! ಕರಡಿಯವರು ನೋಡಿದ್ರೆ ನಗ್ತಾರೆ."

"ಅವರು ಖಾಲಿ ಕುರ್ಚಿಗೆ ಊರು ತೋರಿಸುತ್ತಾರೆ. ನಗಲಿ. ಇದನ್ನೇ ಹಾಕಿ."

ಮುಂಗುಸಿ ಹಾಕಿತು. ಆದರೆ ಒಂದು ಕಡೆಯ ನಟ್ಟನ್ನು ಬೇಕೆಂದೇ ಸಡಿಲ ಬಿಟ್ಟಿತು. ಕೋಳಿ ಕ್ಯಾರಿಯರನ್ನು ಹಿಡಿದು ಚೆನ್ನಾಗಿ ಅಲ್ಲಾಡಿಸಿತು. ಅದು ಕಟಕಟ ಎಂದಿತು.

"ಇದೇನು ಸದ್ದು?"

"ಹೊಸದಲ್ವಾ ಅಕ್ಕಾವ್ರೆ, ಖುಷಿಗೆ ಹಾಡುತ್ತೆ."

"ಕ್ಯಾರಿಯರ್ ಹಾಡಬಾರದು. ನಟ್ಟು ಬಿಗಿಮಾಡಿ."

ಮುಂಗುಸಿ ಹಲ್ಲು ಕಚ್ಚಿಕೊಂಡು ಬಿಗಿಮಾಡಿತು. ಕೋಳಿ ಮತ್ತೆ ಅಲ್ಲಾಡಿಸಿತು. ಸದ್ದಿಲ್ಲ. ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡಿತು. ಬ್ರೇಕಿನ ತಂತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ. ಆಮೇಲೆ ಬೆಲೆಯಾಗಿ ಒಂದು ಪೊಟ್ಟಣ ಗೆದ್ದಲು ಕೊಟ್ಟು ಹೊರಟಿತು.

ಮುಂಗುಸಿ ಕೈಬಿಡಲಿಲ್ಲ. "ಎಲ್ಲಿಗೆ ಹೊರಟರೂ ಹಳ್ಳದ ಹತ್ತಿರದ ತಿರುವಿನಲ್ಲಿ ಅವಳು ನಿಧಾನ ಮಾಡಲೇಬೇಕು. ಅಲ್ಲಿ ಬುಟ್ಟಿಗೆ ಕೈ ಹಾಕ್ತೀನಿ," ಎಂದುಕೊಂಡಿತು. ಅದರ ಅತ್ತೆ ಆಗಷ್ಟೇ ಅಳಿಯನ ಮನೆಯ ಔತಣಕ್ಕೆಂದು ಬಂದಿತ್ತು. ಮೊಟ್ಟೆಯನ್ನು ಬಿಸಿಬಿಸಿಯಾಗಿ ತಿನ್ನಬೇಕು, ಮನೆಗೆ ಒಯ್ಯುವಷ್ಟು ತಾಳ್ಮೆ ತನಗಿಲ್ಲ ಎಂದು ಅತ್ತೆ ಹೇಳಿತು. ಹಾಗಾಗಿ ಅಡುಗೆಮನೆಯನ್ನೇ ಜೊತೆಗೆ ಒಯ್ಯಬೇಕಾಯಿತು. ಮುಂಗುಸಿ ತನ್ನ ಸೈಕಲ್ಲಿಗೆ ರಾಜ ಮಾದರಿಯನ್ನು ನೇತುಹಾಕಿತು. ಅದರ ಮೇಲೆ ಒಲೆ, ಸೌದೆ, ಬಾಣಲೆ, ಎಣ್ಣೆ ಗಡಿಗೆ, ಈರುಳ್ಳಿ ಮೂಟೆ ಹೇರಿತು. ಎಲ್ಲಕ್ಕಿಂತ ಮೇಲೆ ಅತ್ತೆಯನ್ನು ಕೂರಿಸಿತು. ಅತ್ತೆಯನ್ನು ಹಿಂದೆ ಕೂರಿಸಿದರೆ ಮನೆತನದ ಮಾನ ಏನಾಗಬೇಕು?

ಇತ್ತ ಪೊದೆಗೆ ಮರಳಿದ ಕೋಳಿ ಬುಟ್ಟಿಯಲ್ಲಿ ಒಣ ಹುಲ್ಲು ಹಾಸಿತು. ಮೊಟ್ಟೆಗಳ ಮೇಲೆ ತನ್ನ ಎದೆಯ ಮೆತ್ತನೆಯ ಗರಿಗಳನ್ನು ಹೊದಿಸಿತು. ಬುಟ್ಟಿಯನ್ನು ಪುಟ್ಟ ಕ್ಯಾರಿಯರ್ ಮೇಲಿಟ್ಟು ಬಳ್ಳಿಯಿಂದ ಅಡ್ಡಡ್ಡ ಬಿಗಿದು ಕಟ್ಟಿತು.

"ನಾನೂ ಅಲ್ಲೇ ಕೂರ್ತೀನಿ," ಎಂದಿತು ಹುಂಜ.

"ಜಾಗ ಮೊಟ್ಟೆಗಳಿಗೆ ಮಾತ್ರ. ನೀವು ಮುಂದೆ ಓಡಿ. ನಮ್ಮ ಸೈಕಲ್ಲಿಗೆ ಬೆಲ್ ಇಲ್ಲ."

ಹುಂಜಕ್ಕೆ ಈ ಹುದ್ದೆ ಹಿಡಿಸಿತು. "ಸರಿಯಿರೀ! ಸರಿಯಿರೀ! ಸಂಸಾರ ಬರ್ತಾ ಇದೆ!" ಎಂದು ಕೂಗುತ್ತ ಅದು ಮುಂದೆ ಓಡಿತು. ಜಿಂಕೆಗಳು ಸರಿದು ನಿಂತವು.

ಇಳಿಜಾರು ಬಂತು. ಕೋಳಿ ಎರಡೂ ಬ್ರೇಕ್ ಹಿಡಿದು ನಿಧಾನವಾಗಿ ಇಳಿಯತೊಡಗಿತು. ಬುಟ್ಟಿ ಅಲುಗಲಿಲ್ಲ. ಆಗ ಹಿಂದಿನಿಂದ ಪಾತ್ರೆಗಳ ಗಲಾಟೆ ಕೇಳಿಸಿತು.

"ಅಳಿಯಂದ್ರೇ, ಉಪ್ಪು ತಂದ್ರಾ?"

"ತಂದಿದೀನಿ ಅತ್ತೆ. ಸ್ವಲ್ಪ ಬಗ್ಗಿ, ನಂಗೆ ದಾರಿ ಕಾಣ್ತಿಲ್ಲ."

"ನಂಗೆ ಕಾಣ್ತಿದೆ. ತುಳೀರಿ, ತುಳೀರಿ! ಅಗೋ ನಮ್ಮ ಊಟ!"

ಕೋಳಿಗೆ ಜೋರಾಗಿ ತುಳಿದು ಓಡಿಬಿಡೋಣ ಎನ್ನಿಸಿತು. ಜೋರಾಗಿ ಓಡಿದರೆ ತಿರುವಿನಲ್ಲಿ ಮೊಟ್ಟೆ ಉಳಿಯದು. ಅದು ಬ್ರೇಕ್ ಬಿಡಲಿಲ್ಲ. ಮುಂಗುಸಿ ಹತ್ತಿರ ಬಂತು, ಇನ್ನೂ ಹತ್ತಿರ ಬಂತು, ಪಕ್ಕಕ್ಕೇ ಬಂತು. ಬುಟ್ಟಿ ಕೈಗೆ ಎಟುಕುವಂತಿತ್ತು. ಮುಂಗುಸಿ ಹ್ಯಾಂಡಲ್ಲಿನಿಂದ ಒಂದು ಕೈ ತೆಗೆದು ಚಾಚಿತು.

ಅಷ್ಟರಲ್ಲಿ ದಾರಿ ಎಡಕ್ಕೆ ತಿರುಗಿತು. ಕೋಳಿಯ ಹ್ಯಾಂಡಲ್ ದಾರಿಯ ಜೊತೆ ತಿರುಗಿತು. ಮುಂಗುಸಿಯ ಹ್ಯಾಂಡಲ್ ತಿರುಗಲಿಲ್ಲ. ಒಲೆ, ಸೌದೆ, ಈರುಳ್ಳಿ ಮತ್ತು ಅತ್ತೆಯ ಭಾರವನ್ನು ಒಂದೇ ಕೈಯಲ್ಲಿ ತಿರುಗಿಸುವುದು ಯಾರಿಂದಲೂ ಆಗದು.

"ಅಳಿಯಂದ್ರೇ, ಎಡಕ್ಕೆ!"

"ತಿರುಗಿಸ್ತಾ ಇದೀನಿ ಅತ್ತೆ!"

"ಎಲ್ಲಿ ತಿರುಗ್ತಾ ಇದೆ?"

ಸೈಕಲ್ ನೆಟ್ಟಗೆ ಹಳ್ಳಕ್ಕೆ ಹಾರಿತು. ಈರುಳ್ಳಿಗಳು ತೇಲಿಕೊಂಡು ಹೋದವು. ಒಲೆ ಮುಳುಗಿತು. ಬಾಣಲೆ ಮುಂಗುಸಿಯ ತಲೆಯ ಮೇಲೆ ಬೋರಲಾಗಿ ಕೂತು ಕಿವಿಯ ತನಕ ಇಳಿಯಿತು. ರಾಜ ಮಾದರಿ ಕಳಚಿಕೊಂಡು ತೆಪ್ಪದಂತೆ ತೇಲಿತು. ಅತ್ತೆ ಅದರ ಮೇಲೆ ಒದ್ದೆಯಾಗದೆ ನೆಟ್ಟಗೆ ಕೂತಿತ್ತು.

"ಮೊಟ್ಟೆ ಎಲ್ಲಿ?" ಎಂದು ಅತ್ತೆ ಕೇಳಿತು.

ಮುಂಗುಸಿ ಬಾಣಲೆ ಹೊತ್ತುಕೊಂಡೇ ದಾರಿಯ ಕಡೆ ಕೈ ತೋರಿಸಿತು.

"ಹಾಗಾದ್ರೆ ಔತಣ ಸಿಗೋ ತನಕ ನಾನು ನಿಮ್ಮ ಮನೇಲೇ ಇರ್ತೀನಿ," ಎಂದು ಅತ್ತೆ ತೀರ್ಮಾನ ಹೇಳಿತು. ಮುಂಗುಸಿ ಬಾಣಲೆಯೊಳಗೇ ಗಟ್ಟಿಯಾಗಿ ಅತ್ತಿತು.

ಕೋಳಿ ಹಿಂದಿರುಗಿ ನೋಡಲಿಲ್ಲ. ಸೇತುವೆ ದಾಟಿತು, ದಿಬ್ಬ ಹತ್ತಿತು, ಬಂಡೆಯ ಮೇಲೆ ಸೈಕಲ್ ನಿಲ್ಲಿಸಿತು. ಗರಿಗಳನ್ನು ಸರಿಸಿ ಪ್ರತಿ ಮೊಟ್ಟೆಯನ್ನೂ ಮುಟ್ಟಿ ನೋಡಿತು. ಎಲ್ಲವೂ ಬೆಚ್ಚಗಿದ್ದವು. ಬಳ್ಳಿ ಬಿಚ್ಚಬೇಕು ಎನ್ನುವಷ್ಟರಲ್ಲಿ ಬುಟ್ಟಿಯೊಳಗೆ ಚಿಟಚಿಟ ಸದ್ದಾಯಿತು. ಒಂದರ ಹಿಂದೊಂದು ಆರೂ ಮೊಟ್ಟೆಗಳು ಒಡೆದವು.

ಮರಿಗಳು ಅಂಚಿನಿಂದ ಇಣುಕಿದವು. ಅವುಗಳಿಗೆ ಮೊದಲು ಕಂಡದ್ದು ಸೈಕಲ್ಲಿನ ಮುಂದಿನ ಚಕ್ರ. ಅವು ದುಡುದುಡು ಇಳಿದುಬಂದು ಚಕ್ರದ ಕೆಳಗೆ ಒತ್ತೊತ್ತಾಗಿ ಕೂತು, ಅದನ್ನೇ "ಅಮ್ಮಾ" ಎಂದು ಕರೆದವು.

"ಅದು ಸೈಕಲ್," ಎಂದು ಕೋಳಿ ಸ್ಪಷ್ಟವಾಗಿ ಹೇಳಿತು. "ನಿಮ್ಮ ಅಮ್ಮ ನಾನು."

ಮರಿಗಳು ನಂಬಲಿಲ್ಲ. ಹುಂಜ ನಗು ತಡೆಯಲಾರದೆ ಬಂಡೆಯ ಆಚೆ ಹೋಯಿತು.

ಕೋಳಿ ಸ್ವಲ್ಪ ಯೋಚಿಸಿತು. ಆಮೇಲೆ ಬಹಳ ಘನತೆಯಿಂದ ಪುಟ್ಟ ಕ್ಯಾರಿಯರ್ ಮೇಲೆ ಹಾರಿ, ಖಾಲಿ ಬುಟ್ಟಿಯಲ್ಲಿ ಕೂತು, ಎರಡೂ ರೆಕ್ಕೆಗಳನ್ನು ಚಕ್ರದ ಮೇಲೆ ಇಳಿಬಿಟ್ಟಿತು. ಮರಿಗಳು ತಲೆಯೆತ್ತಿ ನೋಡಿದವು. ಸೈಕಲ್ಲಿಗೆ ರೆಕ್ಕೆ ಬಂದದ್ದು ಅವುಗಳಿಗೆ ಇಷ್ಟವಾಯಿತು. ಒಂದೊಂದಾಗಿ ಮೇಲೆ ಹತ್ತಿ, ಆ ಬೆಚ್ಚನೆಯ ರೆಕ್ಕೆಗಳೊಳಗೆ ನುಸುಳಿ ಮಲಗಿದವು.

ನೀತಿ: ಅಂತಸ್ತು ತೋರಿಸಲು ಕೊಳ್ಳಬೇಡಿ, ಹೊರೆಗೆ ತಕ್ಕದ್ದನ್ನು ಕೊಂಡು, ಅಲ್ಲಾಡಿಸಿ ನೋಡಿ ಬಳಸಿ. ಇನ್ನೊಬ್ಬರನ್ನು ಬೀಳಿಸಲು ಹೂಡಿದ ಉಪಾಯ ಹೂಡಿದವನನ್ನೇ ಬೀಳಿಸುತ್ತದೆ.