ಚಂದ್ರ ಮುಖ ತೊಳೆಯದ ಕತೆ

ಆಗ ಲೋಕದ ಮೈ ಇನ್ನೂ ಬಿಸಿಯಿತ್ತು. ನದಿಗೆ ಹರಿಯುವ ದಾರಿ ತಿಳಿದಿರಲಿಲ್ಲ, ಗಾಳಿಗೆ ಬೀಸುವ ದಿಕ್ಕು ತಿಳಿದಿರಲಿಲ್ಲ. ಭೂಮಿಯಕ್ಕನ ಸುತ್ತ ತಮ್ಮ ಚಂದ್ರ ಬೆಳ್ಳಗೆ, ನುಣ್ಣಗೆ ಸುತ್ತಿಕೊಂಡಿದ್ದ.

ಬಾನಿನಲ್ಲಿ ಪುಂಡ ಬಂಡೆಗಳ ಒಂದು ಗುಂಪಿತ್ತು. ಅವಕ್ಕೆ ಗುಂಡಣ್ಣ ಯಜಮಾನ. ದಾರಿಗೆ ಅಡ್ಡ ಬಂದೆ ಎಂದು ನೆಪ ತೆಗೆದು ಅವು ಚಂದ್ರನ ಮುಖಕ್ಕೆ ಹೊಡೆದವು. ಹೊಡೆತಕ್ಕೊಂದು ಗುಂಡಿ. ಗುಂಡಿಯ ಕೆಳಗೆ ಒಡಲಿನ ಭಾರದ ಕಲ್ಲು ಉಬ್ಬಿ ಮೇಲೆದ್ದಿತು. ಬಿರುಕಿನಿಂದ ಕಾದ ಕಲ್ಲಿನ ರಸ ಉಕ್ಕಿ ಗುಂಡಿಯನ್ನು ತುಂಬಿತು, ಆರಿ ಕಪ್ಪಾಯಿತು.

ಚಂದ್ರ ಸೂರ್ಯನಿಗೆ ದೂರು ಕೊಟ್ಟ. ಹೊಡೆದವನನ್ನೇ ಸಾಕ್ಷಿ ಕೇಳುವ ನ್ಯಾಯ ಶುರುವಾದದ್ದು ಅಂದೇ. ತಾವು ಮುಟ್ಟಿಯೇ ಇಲ್ಲ, ಆ ಕಪ್ಪು ಕಲೆಗಳು ಅವನ ಹುಟ್ಟುಮಚ್ಚೆ ಎಂದ ಗುಂಡಣ್ಣ. ಸೂರ್ಯ ಬೆಳಕು ಹರಿಸಿ ನೋಡಿದ. ಬೆಳಕು ಚರ್ಮದ ಮೇಲೆಯೇ ನಿಂತಿತು.

"ಎಲ್ಲ ಸಮತಟ್ಟಾಗಿದೆಯಲ್ಲ, ಗುಂಡಿ ಎಲ್ಲಿ?" ಎಂದ.

ಸುಳ್ಳು ದೂರು ತಂದವನು ಅಕ್ಕನ ಬಳಿ ಇರಬಾರದು, ದೂರದ ಕತ್ತಲಿಗೆ ಹೋಗಲಿ ಎಂದು ತೀರ್ಪಿತ್ತ.

ಚಂದ್ರನ ಮೈಯೆಲ್ಲ ಉರಿಯಿತು. ಅಳಲಿಲ್ಲ.

ಅವನು ಹೊರಡುವ ಹೊತ್ತಿಗೆ ಉದ್ದ ಬಾಲದ ಧೂಮಕೇತು, ಎಲ್ಲರೂ ಜಡೆಯಕ್ಕ ಎನ್ನುವವಳು, ಅವನ ಮೇಲಿಂದ ಹಾದಳು. ಹಾದವಳೇ ರೇಗಿದಳು.

"ಯಾಕೋ ನನ್ನ ಜಡೆ ಎಳೀತೀಯ?"

ತಾನು ಕೈಯನ್ನೂ ಎತ್ತಿಲ್ಲ ಎಂದ ಚಂದ್ರ. ಅವಳು ನಂಬದೆ ಇನ್ನೊಂದು ಸುತ್ತು ಬಂದಳು. ಬಿಳಿಯ ಮೇಲೆ ಸಲೀಸಾಗಿ ಹೋದಳು, ಕಪ್ಪಿನ ಮೇಲೆ ಕೆಳಕ್ಕೆ ಜಗ್ಗಿದಳು. ಮತ್ತೆ ಬಿಳಿಯ ಮೇಲೆ ಸಲೀಸು, ಮತ್ತೆ ಕಪ್ಪಿನ ಮೇಲೆ ಜಗ್ಗು.

"ನೀನಲ್ಲ ಕಣೋ, ನಿನ್ನ ಕಲೆ ಎಳೀತಿದೆ," ಎಂದಳು. "ಅದರ ಕೆಳಗೆ ಏನೋ ಭಾರ ಕೂತಿದೆ."

ಚಂದ್ರ ಅವಳನ್ನು ಸೂರ್ಯನ ಕಣ್ಣೆದುರೇ ಇನ್ನೊಮ್ಮೆ ಸುತ್ತಲು ಕೇಳಿಕೊಂಡ. ಎಲ್ಲರೂ ನೋಡುತ್ತಿದ್ದಂತೆ ಅವಳು ಕಪ್ಪು ಬಂದಲ್ಲೆಲ್ಲ ಕುಸಿದಳು.

"ಹುಟ್ಟುಮಚ್ಚೆಗೆ ಇಷ್ಟು ತೂಕ ಇರುತ್ತಾ, ಸ್ವಾಮಿ?" ಎಂದು ಕೇಳಿದ ಚಂದ್ರ. "ಇದು ಏಟು. ಏಟು ಬಿದ್ದಲ್ಲಿ ನನ್ನ ಒಡಲೇ ಮೇಲೆದ್ದು ಬಂದಿದೆ. ನಿಮ್ಮ ಬೆಳಕಿಗೆ ಕಾಣದಿದ್ದರೆ ಅದು ಬೆಳಕಿನ ತಪ್ಪು."

ಗುಂಡಣ್ಣ ಗುಂಪಿನ ಹಿಂದೆ ಸರಿದ. ಸೂರ್ಯ ತೀರ್ಪನ್ನು ಹಿಂತೆಗೆದುಕೊಂಡ. ಅಷ್ಟಕ್ಕೇ ಸುಮ್ಮನಿದ್ದನೇ? ಆದದ್ದು ಆಯಿತು, ಇನ್ನು ಮುಖ ತೊಳೆದುಕೋ, ಹಳೆಯದನ್ನು ಮರೆತುಬಿಡು ಎಂದು ಬುದ್ಧಿ ಹೇಳಿದ. ಏಟು ತಿನ್ನದವರಿಗೆ ಮರೆಯುವುದು ಬಲು ಸುಲಭ.

"ತೊಳೆಯೋದಿಲ್ಲ," ಎಂದ ಚಂದ್ರ. "ತೊಳೆದರೆ ನಾಳೆ ಇವರೇ ಬಂದು ಹೊಡೆದೇ ಇಲ್ಲ ಅಂತಾರೆ."

ಏಟು ತಿಂದ ಆ ಮುಖವನ್ನೇ ಭೂಮಿಯಕ್ಕನ ಕಡೆ ತಿರುಗಿಸಿದ, ಮತ್ತೆಂದೂ ಹೊರಳಿಸಲಿಲ್ಲ. ಅದಕ್ಕೇ ಕಂದಾ, ಹುಣ್ಣಿಮೆಯ ಚಂದ್ರನಲ್ಲಿ ಇವತ್ತಿಗೂ ನಿನಗೆ ಆ ಕಪ್ಪು ಕಾಣುತ್ತದೆ. ನಾವು ಚಂದ್ರನತ್ತ ಕಳಿಸಿದ ನೌಕೆಗಳು ಅದರ ಮೇಲೆ ಹಾಯುವಾಗ ಇವತ್ತಿಗೂ ಒಂದಿಷ್ಟು ಕೆಳಕ್ಕೆ ಜಗ್ಗುತ್ತವೆ.